ಹಡಗಿನ ದುಡ್ಡು ಕೊಟ್ಟವರು ಯಾರು? ಐರ್ಲೆಂಡಿನಿಂದ ಚಿನ್ನದ ನಾಡಿಗೆ

ಐರ್ಲೆಂಡಿನ ಕುಟುಂಬವೊಂದು ಚಿನ್ನ ಹುಡುಕಿಕೊಂಡು ಹೋಗುವ ಐತಿಹಾಸಿಕ ಕಾದಂಬರಿಯ ಮೊದಲ ಅಧ್ಯಾಯ ಹೇಗಿರುತ್ತದೆ ಎಂದು ಯಾರು ಬೇಕಾದರೂ ಊಹಿಸಬಹುದು. ಹೊಲದಲ್ಲಿ ಆಲೂಗಡ್ಡೆ ಕೊಳೆತಿದೆ. ಮಕ್ಕಳು ಹಸಿದಿದ್ದಾರೆ. ಜಮೀನ್ದಾರನ ಕಡೆಯವರು ಬಂದು ಗುಡಿಸಲಿನ ಸೂರು ಕೀಳುತ್ತಿದ್ದಾರೆ. ಅಷ್ಟರಲ್ಲಿ ಆಸ್ಟ್ರೇಲಿಯಾದಲ್ಲಿ ಚಿನ್ನ ಸಿಕ್ಕಿದೆಯಂತೆ ಎಂಬ ಸುದ್ದಿ. ಎರಡನೇ ಅಧ್ಯಾಯಕ್ಕೆ ಇಡೀ ಕುಟುಂಬ ಹಡಗು ಹತ್ತಿರುತ್ತದೆ.

ಈ ಎರಡು ಅಧ್ಯಾಯಗಳ ನಡುವೆ ನನಗೆ ಒಂದು ಪ್ರಶ್ನೆ ಸಿಕ್ಕಿಹಾಕಿಕೊಳ್ಳುತ್ತದೆ. ಹಡಗಿನ ದುಡ್ಡು ಯಾರು ಕೊಟ್ಟರು?

ಸುಮ್ನೆ ಕೊಂಕು ತೆಗೆಯುವುದಕ್ಕೆ ಕೇಳುತ್ತಿಲ್ಲ. ಈ ಒಂದು ಪ್ರಶ್ನೆಯ ಬಾಲ ಹಿಡಿದು ಹೋದರೆ ಯಾರು ಹೋದರು, ಯಾರಿಗೆ ಹೋಗಲು ಆಗಲಿಲ್ಲ, ಹೋದವರು ಅಲ್ಲಿ ಯಾಕೆ ಬಂದೂಕು ಹಿಡಿದರು, ಆಮೇಲೆ ಎಲ್ಲಿ ನೆಲೆ ನಿಂತರು ಎಲ್ಲವೂ ಬಿಡಿಸಿಕೊಳ್ಳುತ್ತದೆ. ಹಾಗಾಗಿ ನಾವೇ ಅಂಥದೊಂದು ಕಾದಂಬರಿ ಬರೆಯಲು ಕೂತಿದ್ದೇವೆ ಅಂದುಕೊಳ್ಳೋಣ. ಐರ್ಲೆಂಡಿನ ಪಶ್ಚಿಮ ತೀರದ ಕ್ಲೇರ್ ಜಿಲ್ಲೆ, 1852ನೇ ಇಸವಿ. ಅಪ್ಪ, ಅಮ್ಮ, ನಾಲ್ಕು ಮಕ್ಕಳು. ಹೆಸರು ಆಮೇಲೆ ಇಟ್ಟರಾಯಿತು. ಮೊದಲು ಇವರ ಮನೆಯ ಲೆಕ್ಕ ನೋಡೋಣ.

ಆಲೂಗಡ್ಡೆ ಮತ್ತು 10 ಗುಂಟೆ

ಐರ್ಲೆಂಡಿನ ಬಡವರು ಆಲೂಗಡ್ಡೆ ತಿನ್ನುತ್ತಿದ್ದರು ಎಂದರೆ ಪಲ್ಯಕ್ಕೆ ಹಾಕಿಕೊಳ್ಳುತ್ತಿದ್ದರು ಎಂದಲ್ಲ. ಅದೇ ಅವರ ಅನ್ನ, ಅದೇ ಮುದ್ದೆ. ದುಡಿಯುವ ಗಂಡಸು ದಿನಕ್ಕೆ ಐದಾರು ಕಿಲೋ ಆಲೂಗಡ್ಡೆ ತಿನ್ನುತ್ತಿದ್ದ, ನಂಚಿಕೊಳ್ಳಲು ಮಜ್ಜಿಗೆ. ಬೆಳೆದ ಗೋಧಿ, ಓಟ್ಸ್, ಮನೆಯಲ್ಲಿ ಸಾಕಿದ ಹಂದಿ ಇವೆಲ್ಲ ಗೇಣಿ ಕಟ್ಟುವುದಕ್ಕೆ. ಕೆಟ್ಟ ಮಣ್ಣಿನಲ್ಲೂ ಚೆನ್ನಾಗಿ ಇಳುವರಿ ಕೊಡುತ್ತದೆ ಎಂದು ಬಡವರೆಲ್ಲ ಲಂಪರ್ ಎಂಬ ಒಂದೇ ತಳಿಗೆ ಜೋತುಬಿದ್ದಿದ್ದರು.

1845ರಲ್ಲಿ ಅಂಗಮಾರಿ ಬಂತು. ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ಈ ರೋಗವನ್ನು ಪರಿಚಯಿಸಬೇಕಾಗಿಲ್ಲ. ಮೋಡ ಕವಿದು ತೇವ ಹೆಚ್ಚಾದರೆ ಎಲೆ ಕಪ್ಪಾಗುತ್ತದೆ, ಕೆಲವೇ ದಿನದಲ್ಲಿ ಹೊಲ ನಾರುತ್ತದೆ. ಐರ್ಲೆಂಡಿನಲ್ಲಿ ಆ ವರ್ಷ ಬೆಳೆಯ ಒಂದು ಪಾಲು ಹೋಯಿತು. 1846ರಲ್ಲಿ ಹೆಚ್ಚುಕಡಿಮೆ ಪೂರ್ತಿ ಹೋಯಿತು. 1847ರಲ್ಲಿ ರೋಗ ಕಡಿಮೆಯಿತ್ತು, ಆದರೆ ಬಿತ್ತನೆಗೆ ಗೆಡ್ಡೆಯೇ ಇರಲಿಲ್ಲ. 1848ರಲ್ಲಿ ಮತ್ತೆ ರೋಗ.

ಇದರ ನಡುವೆ 1847ರಲ್ಲಿ ಬಂದ ಒಂದು ಕಾನೂನನ್ನು ಕಾದಂಬರಿಕಾರರು ಮರೆಯಬಾರದು. ಕಾಲು ಎಕರೆಗಿಂತ, ನಮ್ಮ ಲೆಕ್ಕದಲ್ಲಿ 10 ಗುಂಟೆಗಿಂತ ಜಾಸ್ತಿ ನೆಲ ಇಟ್ಟುಕೊಂಡವರಿಗೆ ಸರ್ಕಾರದ ಬಡವರ ಪರಿಹಾರ ಸಿಗುವುದಿಲ್ಲ ಎಂದು ಅದು ಹೇಳಿತು. ಗಂಜಿ ಬೇಕಾದರೆ ಗೇಣಿ ಜಮೀನು ಬಿಟ್ಟುಕೊಡಬೇಕು. ಬಿಟ್ಟುಕೊಟ್ಟರೆ ಮುಂದಿನ ವರ್ಷ ಬಿತ್ತಲು ನೆಲವೇ ಇಲ್ಲ. ಎಷ್ಟೋ ಮನೆಗಳು ಹಸಿವಿನಲ್ಲೇ ನೆಲ ಹಿಡಿದುಕೊಂಡು ಕೂತವು. ಬೇರೆ ಎಷ್ಟೋ ಮನೆಯವರು ಬಿಟ್ಟುಕೊಟ್ಟರು, ಜಮೀನ್ದಾರರು ಅವರ ಗುಡಿಸಲು ಕೆಡವಿಸಿದರು. ಕ್ಲೇರ್‌ನಲ್ಲಿ ಇಂಥ ಒಕ್ಕಲೆಬ್ಬಿಸುವಿಕೆ ಬಹಳ ಕ್ರೂರವಾಗಿ ನಡೆಯಿತು. 1841ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ 81 ಲಕ್ಷ ದಾಟಿತ್ತು. 1851ರಲ್ಲಿ ಸುಮಾರು 65 ಲಕ್ಷ. ಹಸಿವಿನಿಂದ ಮತ್ತು ಅದರ ಬೆನ್ನಿಗೆ ಬಂದ ಜ್ವರದಿಂದ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕಿಂತ ಜಾಸ್ತಿ ಜನ ದೇಶ ಬಿಟ್ಟರು.

ಬಿಟ್ಟವರು ಹೋದದ್ದು ಎಲ್ಲಿಗೆ? ಕಡುಬಡವರು ಐರಿಶ್ ಸಮುದ್ರ ದಾಟಿ ಲಿವರ್‌ಪೂಲ್‌ಗೆ ಹೋದರು. ಸ್ವಲ್ಪ ದುಡ್ಡಿದ್ದವರು ಕೆನಡಾಕ್ಕೆ, ಅಮೆರಿಕಕ್ಕೆ ಹೊರಟರು. 1847ರಲ್ಲಿ ಕೆನಡಾದ ಗ್ರೋಸ್ ಈಲ್ ದ್ವೀಪದಲ್ಲಿ ಸಾವಿರಾರು ಜನರನ್ನು ಹೂಳಬೇಕಾಯಿತು, ಹಡಗುಗಳು ಅಷ್ಟು ಜ್ವರ ಹೊತ್ತು ಬಂದಿದ್ದವು. ಆಸ್ಟ್ರೇಲಿಯಾ ಈ ಲೆಕ್ಕದಲ್ಲೇ ಇರಲಿಲ್ಲ.

ಕಾರಣ ದುಡ್ಡು. ಕೂಲಿಯಾಳಿಗೆ ದಿನಕ್ಕೆ ಒಂದು ಶಿಲ್ಲಿಂಗ್ ಸಿಕ್ಕರೆ ಅದೇ ಒಳ್ಳೆಯ ಕೂಲಿ, ಅದೂ ಕೆಲಸ ಇದ್ದ ದಿನ. 20 ಶಿಲ್ಲಿಂಗ್ ಸೇರಿದರೆ ಒಂದು ಪೌಂಡ್. ಅಮೆರಿಕಕ್ಕೆ ಒಬ್ಬರಿಗೆ ಸುಮಾರು 4 ಪೌಂಡ್ ಇದ್ದರೆ ಆಸ್ಟ್ರೇಲಿಯಾಕ್ಕೆ ಸುಮಾರು 15 ಪೌಂಡ್ ಬೇಕಿತ್ತು. ಮಕ್ಕಳಿಗೆ ಅರ್ಧ ದರ ಹಿಡಿದರೂ ನಮ್ಮ ಆರು ಜನರ ಕುಟುಂಬಕ್ಕೆ 60 ಪೌಂಡ್. ಅಂದರೆ 1,200 ದಿನದ ಕೂಲಿ. ಒಂದು ಹೊತ್ತೂ ತಿನ್ನದೆ, ಒಂದು ಕಾಸೂ ಗೇಣಿ ಕಟ್ಟದೆ ನಾಲ್ಕು ವರ್ಷ ದುಡಿದರೆ ಟಿಕೆಟ್ಟಿಗಾಯಿತು. ಸೂರು ಕಿತ್ತ ಗುಡಿಸಲಿನಿಂದ ಈ ಕುಟುಂಬ ಚಿನ್ನದ ನಾಡಿಗೆ ಹೋಗುವುದು ಸಾಧ್ಯವೇ ಇಲ್ಲ.

ಆದರೂ ಐರಿಶರು ಹೋದರು. 1861ರ ಹೊತ್ತಿಗೆ ಆಸ್ಟ್ರೇಲಿಯಾದ ಚಿನ್ನದ ನಾಡಾದ ವಿಕ್ಟೋರಿಯಾ ವಸಾಹತಿನಲ್ಲಿ ಆರು ಜನರಲ್ಲಿ ಸುಮಾರು ಒಬ್ಬರು ಐರ್ಲೆಂಡಿನಲ್ಲಿ ಹುಟ್ಟಿದವರು. ಹಾಗಾದರೆ ಇವರು ಬಂದದ್ದು ಯಾವ ದಾರಿಯಲ್ಲಿ?

ಮೊದಲು ಹೋದವಳು ಮಗಳಿರಬಹುದು

ಸ್ವಂತ ಖರ್ಚಿನಲ್ಲಿ ಹೋದವರು ಇದ್ದರು. ಇಪ್ಪತ್ತು ಮೂವತ್ತು ಎಕರೆ ಗೇಣಿ ಮಾಡುತ್ತಿದ್ದ ರೈತರ ಕಿರಿಯ ಮಕ್ಕಳು, ಅಂಗಡಿಯವರ ಮಕ್ಕಳು, ಸ್ವಲ್ಪ ಓದಿದವರು. ದನ ಮಾರಿ ಟಿಕೆಟ್ ಕೊಂಡವರು. ಇವರು ಹಸಿವಿನಿಂದ ಓಡಿದವರಲ್ಲ. ಬರಗಾಲ ಕಂಡು ಈ ದೇಶದಲ್ಲಿ ಇನ್ನು ಏಳಿಗೆಯಿಲ್ಲ ಎಂದು ತೀರ್ಮಾನಿಸಿದವರು.

ಎರಡನೆಯದು ಸರ್ಕಾರದ ಟಿಕೆಟ್. ಇದೇ ಇಡೀ ಕಥೆಯ ತಮಾಷೆಯ ಭಾಗ. ಆಸ್ಟ್ರೇಲಿಯಾದ ವಸಾಹತುಗಳು ಭೂಮಿ ಮಾರಿ ಬಂದ ಹಣದಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನಿಂದ ಕೆಲಸಗಾರರನ್ನು ಕರೆಸಿಕೊಳ್ಳುತ್ತಿದ್ದವು. ಲಂಡನ್ನಿನಲ್ಲಿದ್ದ ಒಂದು ಸರ್ಕಾರಿ ಆಯೋಗ ಜನರನ್ನು ಆರಿಸುತ್ತಿತ್ತು. ಅವರಿಗೆ ಬೇಕಾಗಿದ್ದವರು ಕುರಿ ಕಾಯುವವರು, ಹೊಲದಾಳುಗಳು, ಮನೆಗೆಲಸದ ಹುಡುಗಿಯರು. ಚಿನ್ನ ಅಗೆಯುವವರು ಅಲ್ಲವೇ ಅಲ್ಲ. ಪ್ರಾಯದ ದಂಪತಿಗಳಿಗೆ ಆದ್ಯತೆ, ಸಣ್ಣ ಮಕ್ಕಳು ಜಾಸ್ತಿ ಇದ್ದರೆ ಅನುಮಾನ. ನಡತೆ ಒಳ್ಳೆಯದು ಎಂದು ಊರಿನ ದೊಡ್ಡವರಿಂದ ಕಾಗದ ತರಬೇಕು. ಜೊತೆಗೆ ಬಟ್ಟೆಯ ಪಟ್ಟಿ: ಗಂಡಸಿಗೆ ಆರು ಅಂಗಿ, ಆರು ಜೊತೆ ಕಾಲುಚೀಲ, ಎರಡು ಜೊತೆ ಬೂಟು, ಎರಡು ಪೂರ್ತಿ ಉಡುಪು. ಚಿಂದಿ ಸುತ್ತಿಕೊಂಡಿದ್ದ ಬರಗಾಲದ ಐರ್ಲೆಂಡಿನಲ್ಲಿ ಆರು ಅಂಗಿ! ಟಿಕೆಟ್ ಪುಕ್ಕಟೆ ಎಂದುಕೊಂಡರೂ ಬಟ್ಟೆಗೇ ಸಾಲ ಮಾಡಬೇಕಿತ್ತು.

ಮೂರನೆಯ ದಾರಿ ಮೊದಲೇ ಹೋದ ಒಬ್ಬರು. ವಿಕ್ಟೋರಿಯಾದಲ್ಲಿ ಇದ್ದವರು ಅಲ್ಲಿನ ಸರ್ಕಾರಕ್ಕೆ ಟಿಕೆಟ್ಟಿನ ಒಂದು ಪಾಲು ಕಟ್ಟಿ ಊರಿನ ತಮ್ಮನನ್ನೋ ತಂಗಿಯನ್ನೋ ಹೆಸರಿಸಿ ಕರೆಸಿಕೊಳ್ಳಬಹುದಿತ್ತು. ಕ್ಲೇರ್, ಟಿಪ್ಪರರಿ, ಲಿಮರಿಕ್ ಕಡೆಯವರು ಆಸ್ಟ್ರೇಲಿಯಾಕ್ಕೆ ಅಷ್ಟು ಜನ ಹೋಗಿದ್ದಕ್ಕೆ ಈ ಸರಪಳಿಯೇ ದೊಡ್ಡ ಕಾರಣ. ಮೊದಲ ಕೊಂಡಿ ಎಲ್ಲಿ ಬಿತ್ತೋ ಆ ಊರಿನವರೇ ಮುಂದೆಯೂ ಹೋದರು. ನಮ್ಮಲ್ಲೂ ಒಂದು ಊರಿನವರೆಲ್ಲ ಒಂದೇ ನಗರದಲ್ಲಿ ಹೋಟೆಲ್ ಇಟ್ಟಿರುತ್ತಾರಲ್ಲ, ಹಾಗೆ.

ಆ ಮೊದಲ ಕೊಂಡಿ ಯಾರು ಎಂಬಲ್ಲಿ ನನಗೆ ಒಂದು ಆಸೆ ಇದೆ. 1848ರಿಂದ 1850ರವರೆಗೆ ಐರ್ಲೆಂಡಿನ ಬಡವರ ಆಶ್ರಮಗಳಿಂದ 4,000ಕ್ಕೂ ಹೆಚ್ಚು ಅನಾಥ ಹುಡುಗಿಯರನ್ನು ಸರ್ಕಾರ ಆಸ್ಟ್ರೇಲಿಯಾಕ್ಕೆ ಕಳಿಸಿತು. ಬಹಳಷ್ಟು ಜನ 14ರಿಂದ 18 ವರ್ಷದವರು. ಅಲ್ಲಿ ಮನೆಗೆಲಸಕ್ಕೆ ಸೇರಿದರು. ಮೂರೇ ವರ್ಷದಲ್ಲಿ ಅವರಿದ್ದ ಕಡೆಯೇ ಚಿನ್ನ ಸಿಕ್ಕಿತು, ಮನೆಗೆಲಸದವರ ಸಂಬಳ ಏರಿತು, ಎಷ್ಟೋ ಹುಡುಗಿಯರು ಗಣಿಗಾರರನ್ನು ಮದುವೆಯಾದರು. ನಾನು ಈ ಕಾದಂಬರಿ ಬರೆದರೆ ಅದು ಅಪ್ಪನ ಸಾಹಸದಿಂದ ಶುರುವಾಗುವುದಿಲ್ಲ. ಅಪ್ಪ ಅಮ್ಮನನ್ನು ಕಳೆದುಕೊಂಡು ಆಶ್ರಮ ಸೇರಿ, ಅಲ್ಲಿಂದ ಹಡಗು ಹತ್ತಿದ ಅಣ್ಣನ ಮಗಳೊಬ್ಬಳಿಂದ ಶುರುವಾಗುತ್ತದೆ. ಅವಳು ಪಾತ್ರೆ ತೊಳೆದು ಉಳಿಸಿ ಕಳಿಸಿದ ದುಡ್ಡಿನಲ್ಲಿ ಚಿಕ್ಕಪ್ಪನ ಕುಟುಂಬ ಹೊರಡುತ್ತದೆ.

ಸುದ್ದಿಯ ವೇಗವನ್ನೂ ನೋಡಿಕೊಳ್ಳಬೇಕು. ವಿಕ್ಟೋರಿಯಾದಲ್ಲಿ ಚಿನ್ನ ಸಿಕ್ಕಿದ್ದು 1851ರ ಜುಲೈ, ಆಗಸ್ಟ್‌ನಲ್ಲಿ. ಒಂದು ಕಾಗದ ಯುರೋಪು ತಲುಪಲು ಮೂರು ತಿಂಗಳು. ಓದಿ, ನಂಬಿ, ದುಡ್ಡು ಹೊಂದಿಸಿ, ಮತ್ತೆ ಮೂರು ತಿಂಗಳು ಸಮುದ್ರ. ಹಾಗಾಗಿ ದೊಡ್ಡ ಅಲೆ ಮೆಲ್ಬರ್ನ್ ಮುಟ್ಟಿದ್ದು 1852ರ ಕೊನೆಯ ತಿಂಗಳುಗಳಲ್ಲಿ. ಅಷ್ಟು ಹೊತ್ತಿಗೆ ಮೇಲ್ಮಣ್ಣಿನ ಸುಲಭದ ಚಿನ್ನವನ್ನು ಹತ್ತಿರದವರು ಬಾಚಿಕೊಂಡಾಗಿತ್ತು.

ಸಮುದ್ರ

ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಜಾಗರಣೆ. ಐರ್ಲೆಂಡಿನಲ್ಲಿ ಸತ್ತವರ ಹೆಣದ ಪಕ್ಕ ರಾತ್ರಿಯೆಲ್ಲ ಎದ್ದಿರುವ ಪದ್ಧತಿ ಇತ್ತು. ದೂರದೇಶಕ್ಕೆ ಹೋಗುವವರಿಗೂ ಅದನ್ನೇ ಮಾಡುತ್ತಿದ್ದರು. ಹಾಡು, ಕುಣಿತ, ಕುಡಿತ, ಬೆಳಗಿನ ಜಾವ ಮುದುಕಿಯರ ಅಳು. ಬದುಕಿರುವವರಿಗೇ ಸಾವಿನ ಶಾಸ್ತ್ರ. ತಿರುಗಿ ಬರುವುದಿಲ್ಲ ಎಂದು ಎರಡೂ ಕಡೆಯವರಿಗೆ ಗೊತ್ತಿತ್ತು.

ಆಮೇಲೆ ಸ್ಟೀಮರಿನಲ್ಲಿ ಲಿವರ್‌ಪೂಲ್, ಅಲ್ಲಿಂದ ದೊಡ್ಡ ಹಾಯಿ ಹಡಗು. ಸರ್ಕಾರಿ ಹಡಗಿನಲ್ಲಿ ಮದುವೆಯಾಗದ ಗಂಡಸರು ಮುಂದೆ, ಕುಟುಂಬಗಳು ನಡುವೆ, ಮದುವೆಯಾಗದ ಹೆಂಗಸರು ಹಿಂದೆ. ಒಂದೊಂದು ಗುಂಪಿಗೆ ವಾರದ ರೇಷನ್ ತೂಗಿ ಕೊಡುತ್ತಿದ್ದರು. ಹಡಗಿನ ವೈದ್ಯನೇ ಇವರೆಲ್ಲರ ಮೇಲಧಿಕಾರಿ. ಪ್ರಯಾಣ ಕೆಡಿಸಿದ್ದು ದಡಾರ ಮತ್ತು ಟೈಫಸ್ ಜ್ವರ. 1852ರಲ್ಲಿ ಮಾರ್ಕೊ ಪೋಲೊ ಎಂಬ ಹಡಗು ಸುಮಾರು 930 ಜನರನ್ನು ತುಂಬಿಕೊಂಡು 76 ದಿನದಲ್ಲಿ ಮೆಲ್ಬರ್ನ್ ಮುಟ್ಟಿ ಹೆಸರು ಮಾಡಿತು. ಅದೇ ಪ್ರಯಾಣದಲ್ಲಿ ದಡಾರದಿಂದ ಹತ್ತಾರು ಮಕ್ಕಳು ಸತ್ತಿದ್ದರು.

ಅಷ್ಟು ವೇಗ ಬಂದದ್ದು ದಾರಿಯಿಂದ. ಹಡಗುಗಳು ಆಫ್ರಿಕಾದ ತುದಿಯಲ್ಲಿ ನಿಲ್ಲುವುದು ಬಿಟ್ಟು ಇನ್ನೂ ದಕ್ಷಿಣಕ್ಕೆ ಇಳಿಯತೊಡಗಿದವು. ಭೂಮಿ ದುಂಡಗಿರುವುದರಿಂದ ಅಲ್ಲಿ ದೂರ ಕಡಿಮೆ, ಪಶ್ಚಿಮದಿಂದ ಬೀಸುವ ಗಾಳಿಯೂ ಬಿಡುವಿಲ್ಲದ್ದು. ಬದಲಿಗೆ ಹಿಮಗಡ್ಡೆಗಳ ಭಯ, ಮೂಳೆ ಕೊರೆಯುವ ಚಳಿ, ವಾರಗಟ್ಟಲೆ ಮುಚ್ಚಿದ ಬಾಗಿಲು.

ಹೊರಟ ಎರಡೇ ದಿನಕ್ಕೆ ಮುಗಿದ ಪ್ರಯಾಣವೂ ಇದೆ. ಟೇಲರ್ ಎಂಬ ಹೊಸ ಕಬ್ಬಿಣದ ಹಡಗು 1854ರ ಜನವರಿ 19ರಂದು ಲಿವರ್‌ಪೂಲ್ ಬಿಟ್ಟಿತು. ಕಬ್ಬಿಣದ ಮೈಗೆ ದಿಕ್ಸೂಚಿಗಳು ತಪ್ಪು ತೋರಿಸಿದವು. 21ರಂದು ಅದು ಡಬ್ಲಿನ್ ಹತ್ತಿರದ ಲ್ಯಾಂಬೇ ದ್ವೀಪದ ಬಂಡೆಗೆ ಬಡಿಯಿತು. ದಡ ಕೂಗಳತೆಯಲ್ಲೇ ಇತ್ತು, ಆದರೂ ಹಡಗಿನಲ್ಲಿದ್ದ ಸುಮಾರು 650 ಜನರಲ್ಲಿ ಅರ್ಧದಷ್ಟು ಜನ ಸತ್ತರು. ನೂರಕ್ಕೂ ಹೆಚ್ಚು ಹೆಂಗಸರಲ್ಲಿ ಉಳಿದವರು ಮೂವರು. ಚಿನ್ನಕ್ಕೆಂದು ಹೊರಟ ಐರಿಶರು ಐರ್ಲೆಂಡಿನ ಕಣ್ಣೆದುರೇ ಮುಳುಗಿದರು.

ಅಗೆಯುವುದಕ್ಕೇ ತೆರಿಗೆ

ನಮ್ಮ ಕುಟುಂಬ ಬದುಕಿ ಮೆಲ್ಬರ್ನ್ ಮುಟ್ಟಿತು ಎನ್ನೋಣ. ಬಂದರಿನಲ್ಲಿ ಹಡಗುಗಳು ಖಾಲಿ ನಿಂತಿವೆ, ನಾವಿಕರೂ ಚಿನ್ನಕ್ಕೆ ಓಡಿದ್ದಾರೆ. ಊರಿನಲ್ಲಿ ಮನೆಯಿಲ್ಲ. ನದಿಯ ದಕ್ಷಿಣ ದಡದಲ್ಲಿ ಡೇರೆಗಳದೇ ಒಂದು ಊರು, ಒಂದು ಡೇರೆ ಹಾಕಲು ವಾರಕ್ಕೆ 5 ಶಿಲ್ಲಿಂಗ್ ಬಾಡಿಗೆ. ಅಲ್ಲಿಂದ ಚಿನ್ನ ಅಗೆಯುವ ಬಲ್ಲಾರಟ್‌ಗೆ ನೂರು ಕಿಲೋಮೀಟರಿಗೂ ಜಾಸ್ತಿ ದೂರ. ಬಹಳ ಜನ ನಡೆದೇ ಹೋದರು.

ಚಿನ್ನ ತೆಗೆಯುವ ಕೆಲಸ ಮೊದಲು ನಮ್ಮ ಅಜ್ಜಿಯರು ರಾಗಿ ಗಾಳಿಸಿದಂತೆಯೇ ಇತ್ತು. ತಟ್ಟೆಯಲ್ಲಿ ಮಣ್ಣು, ನೀರು ಹಾಕಿ ತಿರುಗಿಸಿದರೆ ಹಗುರವಾದದ್ದು ಹೊರಗೆ, ಭಾರವಾದದ್ದು ತಳಕ್ಕೆ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಸಾಮಾನ್ಯ ಕಲ್ಲು ಮರಳು ಎರಡೂವರೆ ಪಟ್ಟು. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಚಿನ್ನ ಜಾಲಿಸುತ್ತಿದ್ದುದೂ ಇದೇ ಲೆಕ್ಕದಲ್ಲಿ. ಬಲ್ಲಾರಟ್‌ನಲ್ಲಿ ತಟ್ಟೆಯ ಬದಲು ತೊಟ್ಟಿಲಿನಂಥ ಪೆಟ್ಟಿಗೆ ಬಂತು. ಒಬ್ಬ ಮಣ್ಣು ಹಾಕಿದರೆ ಇನ್ನೊಬ್ಬ ನೀರು ಹೊಯ್ಯಬೇಕು, ಮತ್ತೊಬ್ಬ ತೂಗಬೇಕು. ಹೆಂಡತಿ ಮಕ್ಕಳು ಸೇರಿ ಮಾಡಬಹುದಾದ ಕೆಲಸ. ಕಾದಂಬರಿಗಳು ಸಾಮಾನ್ಯವಾಗಿ ಇಲ್ಲಿಯೇ ನಿಂತುಬಿಡುತ್ತವೆ.

ಆದರೆ ಬಲ್ಲಾರಟ್‌ನ ದೊಡ್ಡ ಚಿನ್ನ ಹಳೆಯ ಕಾಲದ ಹೊಳೆಗಳ ತಳದಲ್ಲಿತ್ತು. ಆ ಹೊಳೆಗಳು ಎಂದೋ ಬತ್ತಿ, ಮೇಲೆ ಜೇಡಿ, ಮರಳು, ಕೆಲವು ಕಡೆ ಜ್ವಾಲಾಮುಖಿಯ ಕಲ್ಲು ಕೂತಿತ್ತು. 1854ರ ಹೊತ್ತಿಗೆ ಬಾವಿ ತೋಡಿ ನೂರು ಅಡಿಗೂ ಕೆಳಗೆ ಇಳಿಯಬೇಕಿತ್ತು. ಎಂಟು ಹತ್ತು ಜನ ಪಾಲುದಾರರು, ಬಾವಿಯ ಗೋಡೆಗೆ ಮರದ ಹಲಗೆ, ನೀರು ಮಣ್ಣು ಮೇಲೆತ್ತಲು ಕೈರಾಟೆ, ಆರೇಳು ತಿಂಗಳ ದುಡಿಮೆ. ಅಷ್ಟೆಲ್ಲ ಮಾಡಿ ಕೆಳಗೆ ಹೋದರೆ ಹೊಳೆಯ ಜಾಡು ಪಕ್ಕದವನ ಬಾವಿಯಲ್ಲಿರಬಹುದು. ಅಲ್ಲಿಯವರೆಗೆ ಊಟ ಅಂಗಡಿಯವನ ಸಾಲದಲ್ಲಿ. ಯುರೇಕಾ ಎಂಬ ಜಾಡಿನಲ್ಲಿ ಹೀಗೆ ಆಳಕ್ಕೆ ತೋಡುತ್ತಿದ್ದವರಲ್ಲಿ ಐರಿಶರೇ ಜಾಸ್ತಿ.

ಈಗ ತೆರಿಗೆ ನೋಡಿ. 1851ರ ಸೆಪ್ಟೆಂಬರಿನಿಂದ ಅಗೆಯುವ ಪ್ರತಿಯೊಬ್ಬನೂ ತಿಂಗಳಿಗೆ 30 ಶಿಲ್ಲಿಂಗ್ ಕೊಟ್ಟು ಲೈಸೆನ್ಸ್ ತೆಗೆದುಕೊಳ್ಳಬೇಕು. ಐರ್ಲೆಂಡಿನ ತಮ್ಮ ಊರಿನಲ್ಲಿ ಒಂದು ತಿಂಗಳು ಪೂರ್ತಿ ದುಡಿದರೂ ಅಷ್ಟು ಸಿಗುತ್ತಿರಲಿಲ್ಲ. ಆಮೇಲೆ ದರ ಇಳಿಸಿದರು, ಆದರೆ ಮೂಲದ ತೊಡಕು ಹಾಗೆಯೇ ಉಳಿಯಿತು. ತೆರಿಗೆ ಸಿಕ್ಕಿದ ಚಿನ್ನದ ಮೇಲೆ ಅಲ್ಲ, ಅಗೆಯುವುದರ ಮೇಲೆ. ಮೊದಲ ದಿನವೇ ಚಿನ್ನ ಸಿಕ್ಕವನೂ ಅಷ್ಟೇ ಕೊಡಬೇಕು, ಆರು ತಿಂಗಳು ಬರೀ ಕೆಸರು ಎತ್ತಿದವನೂ ಅಷ್ಟೇ ಕೊಡಬೇಕು. ಇದಕ್ಕೆ ಪ್ರತಿಯಾಗಿ ಮತದಾನದ ಹಕ್ಕೂ ಇಲ್ಲ. ಗವರ್ನರ್ ಚಾರ್ಲ್ಸ್ ಹೋಥಮ್ ಖಜಾನೆ ತುಂಬಲು ಲೈಸೆನ್ಸ್ ತಪಾಸಣೆ ವಾರಕ್ಕೆ ಎರಡು ಸಲ ಮಾಡಿಸಿದ. ನೂರು ಅಡಿ ಕೆಳಗೆ ನೀರಿನಲ್ಲಿ ನಿಂತವನು ಚೀಟಿ ತೋರಿಸಲು ಮೇಲೆ ಹತ್ತಿ ಬರಬೇಕು. ಚೀಟಿ ನೆನೆದು ಹರಿದಿದ್ದರೆ ದಂಡ.

ಬೂಟು ಹಾಕಿದ ಪೊಲೀಸು ಡೇರೆಗೆ ನುಗ್ಗಿ ಕಾಗದ ಕೇಳುವುದನ್ನು ಕ್ಲೇರ್‌ನಿಂದ ಬಂದವನು ಹೇಗೆ ನೋಡಿರಬೇಕು ಹೇಳಿ? ಅವನ ಊರಿನಲ್ಲಿ ಗುಡಿಸಲು ಕೆಡವಲು ಬಂದವರೂ ಹಾಗೆಯೇ ಬರುತ್ತಿದ್ದರು.

1854ರ ಅಕ್ಟೋಬರಿನಲ್ಲಿ ಒಂದು ಕೊಲೆ, ಪಕ್ಷಪಾತದ ವಿಚಾರಣೆ, ಸುಟ್ಟುಹೋದ ಹೋಟೆಲು, ಐರಿಶ್ ಪಾದ್ರಿಯ ಅಂಗವಿಕಲ ಸೇವಕನನ್ನು ಪೊಲೀಸರು ಹೊಡೆದ ಪ್ರಕರಣ ಹೀಗೆ ಒಂದರ ಮೇಲೊಂದು ಬಂತು. ನವೆಂಬರ್ 29ರಂದು ಬೇಕರಿ ಹಿಲ್ ದಿಬ್ಬದ ಮೇಲೆ ಸಾವಿರಾರು ಜನ ಸೇರಿ ಲೈಸೆನ್ಸ್ ಸುಟ್ಟರು. ನೀಲಿ ಬಟ್ಟೆಯ ಮೇಲೆ ಬಿಳಿ ಶಿಲುಬೆ, ಐದು ನಕ್ಷತ್ರಗಳ ಬಾವುಟ ಹಾರಿತು. ಅದನ್ನು ಹೊಲಿದವರಲ್ಲಿ ಕಿಲ್ಕೆನಿಯ ಅನಸ್ಟೇಷಿಯಾ ಹೇಯ್ಸ್ ಒಬ್ಬಳು ಎಂಬ ನಂಬಿಕೆ ಇದೆ. ಡಿಸೆಂಬರ್ 3ರ ಭಾನುವಾರ ಬೆಳಗಿನ ಜಾವ ಸೈನಿಕರು ಮತ್ತು ಪೊಲೀಸರು ಬಂಡೆದ್ದ ಗಣಿಗಾರರು ಕಟ್ಟಿಕೊಂಡಿದ್ದ ಮರದ ಕೋಟೆಗೆ ನುಗ್ಗಿದರು. ಕಾಲು ಗಂಟೆಯಲ್ಲಿ ಮುಗಿಯಿತು. ಗಣಿಗಾರರ ಕಡೆ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಸೈನಿಕರಲ್ಲೂ ಕೆಲವರು.

ಗಣಿಗಾರರ ನಾಯಕ ಪೀಟರ್ ಲಾಲರ್ ಎಂಬ ಐರಿಶ್. ಅವನ ಎಡಗೈ ಹೋಯಿತು. ನಮ್ಮ ಪ್ರಶ್ನೆಯನ್ನು ಇಲ್ಲಿಯೂ ಕೇಳಬೇಕು: ಇವನ ಹಡಗಿನ ದುಡ್ಡು ಯಾರು ಕೊಟ್ಟರು? ಲಾಲರ್ ಬರಗಾಲದ ಭಿಕ್ಷುಕನಲ್ಲ. ಅಪ್ಪ ಬ್ರಿಟಿಷ್ ಸಂಸತ್ತಿನ ಸದಸ್ಯನಾಗಿದ್ದವನು. ಅಣ್ಣ ಜೇಮ್ಸ್ ಫಿಂಟನ್ ಲಾಲರ್ ನೆಲ ಉಳುವವರದಾಗಬೇಕು ಎಂದು ಬರೆದವನು. ಪೀಟರ್ ಎಂಜಿನಿಯರಿಂಗ್ ಕಲಿತು 1852ರಲ್ಲಿ ಬಂದವನು. ಎದುರು ಪಕ್ಷದಲ್ಲೂ ಐರಿಶರೇ ಇದ್ದರು. ಬಂಡಾಯಗಾರರ ಮೇಲೆ ರಾಜದ್ರೋಹದ ಕೇಸು ನಡೆಸಿದ ಅಟಾರ್ನಿ ಜನರಲ್ ವಿಲಿಯಂ ಸ್ಟಾವೆಲ್, ಕೆಲವು ವಿಚಾರಣೆಗಳಿಗೆ ಕೂತ ನ್ಯಾಯಾಧೀಶ ರೆಡ್ಮಂಡ್ ಬ್ಯಾರಿ ಇಬ್ಬರೂ ಕಾರ್ಕ್ ಜಿಲ್ಲೆಯ ಪ್ರಾಟೆಸ್ಟೆಂಟರು. ಹಾಗಾಗಿ ಇದನ್ನು ಐರಿಶರು ಮತ್ತು ಇಂಗ್ಲಿಷರ ಜಗಳ ಎಂದು ಸರಳ ಮಾಡುವುದು ತಪ್ಪು. ಕೋಟೆಯೊಳಗೆ ಇಟಲಿಯವರು, ಜರ್ಮನರು, ಕೆನಡಾದವರು, ಅಮೆರಿಕದ ಕಪ್ಪು ಜನರೂ ಇದ್ದರು.

13 ಜನರ ಮೇಲೆ ಕೇಸಾಯಿತು, ಜ್ಯೂರಿ ಒಬ್ಬರನ್ನೂ ತಪ್ಪಿತಸ್ಥ ಎನ್ನಲಿಲ್ಲ. 1855ರಲ್ಲಿ ಲೈಸೆನ್ಸ್ ರದ್ದಾಯಿತು. ಬದಲಿಗೆ ವರ್ಷಕ್ಕೆ ಒಂದು ಪೌಂಡಿನ ಹಕ್ಕುಪತ್ರ, ಅದರ ಜೊತೆ ಮತ. ಸರ್ಕಾರದ ಆದಾಯಕ್ಕೆ ಹೊರಗೆ ಹೋಗುವ ಚಿನ್ನದ ಮೇಲೆ ಔನ್ಸಿಗೆ ಎರಡೂವರೆ ಶಿಲ್ಲಿಂಗ್ ಸುಂಕ. ತೆರಿಗೆ ಬೆವರಿನಿಂದ ಚಿನ್ನಕ್ಕೆ ಜರುಗಿತು, ಅಷ್ಟೇ ವಿಷಯ. ಲಾಲರ್ ಅದೇ ವರ್ಷ ಶಾಸನಸಭೆ ಸೇರಿದ, ಮುಂದೆ ಸ್ಪೀಕರ್ ಕೂಡ ಆದ.

ಹಕ್ಕು ಕೇಳಿದ ಈ ಜನ ಎಲ್ಲರಿಗೂ ಹಕ್ಕು ಕೇಳಲಿಲ್ಲ ಎಂಬುದನ್ನೂ ಬರೆಯಬೇಕು. ಅದೇ 1855ರಲ್ಲಿ ವಿಕ್ಟೋರಿಯಾಕ್ಕೆ ಇಳಿಯುವ ಪ್ರತಿ ಚೀನೀಯನ ಮೇಲೆ 10 ಪೌಂಡ್ ತಲೆಗಂದಾಯ ಬಿತ್ತು. 1857ರಲ್ಲಿ ಬಕ್‌ಲೆಂಡ್ ನದಿಯ ಬಳಿ ಬಿಳಿಯ ಗಣಿಗಾರರು ಚೀನೀಯರ ಡೇರೆಗಳನ್ನು ಸುಟ್ಟು ಓಡಿಸಿದರು. ಬಲ್ಲಾರಟ್‌ನ ನೆಲ ವದವುರುಂಗ್ ಎಂಬ ಮೂಲನಿವಾಸಿಗಳದು. ಅವರನ್ನು ಯಾರೂ ಕೇಳಿರಲಿಲ್ಲ. ಜಮೀನ್ದಾರ ತನ್ನನ್ನು ನೆಲದಿಂದ ಕಿತ್ತ ಎಂದು ಕೊನೆಯವರೆಗೂ ಹೇಳಿಕೊಂಡ ನಮ್ಮ ಅಪ್ಪ ಈಗ ಬೇರೆಯವರ ನೆಲದಲ್ಲಿ ಬಾವಿ ತೋಡುತ್ತಿದ್ದಾನೆ. ಕಾದಂಬರಿಗೆ ಇದಕ್ಕಿಂತ ಗಟ್ಟಿಯಾದ ಗಂಟು ನನಗೆ ಕಾಣುವುದಿಲ್ಲ.

ಚಿನ್ನ ಮುಗಿದ ಮೇಲೆ

1851ರಲ್ಲಿ ಸುಮಾರು 77 ಸಾವಿರವಿದ್ದ ವಿಕ್ಟೋರಿಯಾದ ಜನಸಂಖ್ಯೆ 1861ರಲ್ಲಿ 5 ಲಕ್ಷ 38 ಸಾವಿರ. ಅಷ್ಟು ಹೊತ್ತಿಗೆ ಗಣಿಗಳು ಸ್ಟೀಮ್ ಎಂಜಿನ್ ಇಟ್ಟ ಕಂಪನಿಗಳ ಕೈಗೆ ಹೋಗಿದ್ದವು. ಗಣಿಗಾರ ಮತ್ತೆ ಕೂಲಿಯಾಳು. ಚಿನ್ನ ಕಂಡವರ ಕೈಯಲ್ಲಿ ಚಿನ್ನ ನಿಲ್ಲಲಿಲ್ಲ. ವಿಕ್ಟೋರಿಯಾದ ಕ್ಲೂನ್ಸ್‌ನಲ್ಲಿ ಚಿನ್ನ ಸಿಕ್ಕಿದೆ ಎಂದು 1851ರಲ್ಲಿ ಜಗತ್ತಿಗೆ ಹೇಳಿದ ಜೇಮ್ಸ್ ಎಸ್ಮಂಡ್ ಐರ್ಲೆಂಡಿನ ವೆಕ್ಸ್‌ಫರ್ಡ್‌ನವನು. ಅವನು ಸತ್ತದ್ದು ಬಡತನದಲ್ಲಿ.

ಹಾಗಾದರೆ ಐರಿಶ್ ಕುಟುಂಬಗಳು ಉಳಿಸಿಕೊಂಡದ್ದು ಏನು? ನೆಲ. ಡೇರೆ, ಅಂಗಡಿ, ಬಂಡಿ ಹೊಡೆಯುವುದು, ಲೈಸೆನ್ಸಿಲ್ಲದ ಸಾರಾಯಿ ಮಾರಾಟ ಹೇಗೋ ಮಾಡಿ ಸ್ವಲ್ಪ ಕೂಡಿಸಿದವರು ಜಮೀನಿನ ಕಡೆ ತಿರುಗಿದರು. ಒಳ್ಳೆಯ ನೆಲವೆಲ್ಲ ಆಗಲೇ ಕುರಿ ಸಾಕುವ ಶ್ರೀಮಂತರ ಹಿಡಿತದಲ್ಲಿತ್ತು. ಅದನ್ನು ಬಿಡಿಸಲು 1860ರ ದಶಕದಲ್ಲಿ ಸಾಲಾಗಿ ಭೂಕಾಯ್ದೆಗಳು ಬಂದವು. 1862ರ ಕಾಯ್ದೆ ತಂದವನು ಐರ್ಲೆಂಡಿನಿಂದ ಬಂದ ಚಾರ್ಲ್ಸ್ ಗವನ್ ಡಫಿ. ಅದರ ಸಂದುಗಳಲ್ಲಿ ಶ್ರೀಮಂತರೇ ನುಸುಳಿದರು ಎಂಬುದು ಬೇರೆ ಮಾತು. ಆದರೂ ಐರಿಶರು ಅಲ್ಲಲ್ಲಿ ನೆಲ ಹಿಡಿದರು. ಪಶ್ಚಿಮ ವಿಕ್ಟೋರಿಯಾದ ಕೊರೊಯ್ಟ್ ಸುತ್ತ ಜ್ವಾಲಾಮುಖಿಯ ಕಪ್ಪು ಮಣ್ಣಿನಲ್ಲಿ ನೆಲೆಸಿದ ಐರಿಶರು ಅಲ್ಲಿ ಬೆಳೆದದ್ದು ಏನು ಗೊತ್ತಾ? ಆಲೂಗಡ್ಡೆ.

ನೆಲ ಸಿಗದ, ಅಥವಾ ಕಾಲು ನಿಲ್ಲದ ಹುಡುಗರು ನ್ಯೂಜಿಲೆಂಡಿಗೆ ಹೋದರು. ಅಲ್ಲಿ 1861ರಲ್ಲಿ ಒಟಾಗೊ, 1865ರ ಸುಮಾರಿಗೆ ಹೊಕಿಟಿಕ ಎಂಬ ಕಡೆ ಚಿನ್ನದ ಭರಾಟೆ ಎದ್ದಿತ್ತು. ಅದೇ ಹೊತ್ತಿನಲ್ಲಿ ಬ್ರಿಟಿಷ್ ಸೈನ್ಯ ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳ ಜೊತೆ ಯುದ್ಧ ಮಾಡುತ್ತಿತ್ತು. ಆ ಸೈನ್ಯದಲ್ಲಿದ್ದ ಒಬ್ಬ ಐರಿಶ್ ಸಿಪಾಯಿಗೆ ಚಿನ್ನದ ಹುಚ್ಚು ಹತ್ತಿತು. ಹೆಸರು ಮೈಕೆಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ಲೆ. ನಿವೃತ್ತನಾಗಿ ಬೆಂಗಳೂರು ದಂಡಿನಲ್ಲಿ ನೆಲೆಸಿದ. ಕೋಲಾರದ ಮಾರಿಕುಪ್ಪಂ ಕಡೆ ಊರಿನವರು ಮಣ್ಣು ಜಾಲಿಸಿ ಚಿನ್ನ ತೆಗೆಯುತ್ತಾರೆ ಎಂದು ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ ನೋಡಿ ಬರೆದಿಟ್ಟ ವರದಿ ಅವನ ಕಣ್ಣಿಗೆ ಬಿತ್ತು. 1871ರಲ್ಲಿ ಎತ್ತಿನಗಾಡಿ ಹತ್ತಿ ಕೋಲಾರಕ್ಕೆ ಹೋದ. 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ, 1875ರಲ್ಲಿ ಗಣಿಗಾರಿಕೆಯ ಹಕ್ಕು ಸಿಕ್ಕಿತು.

ಬೆಂಗಳೂರಿನ ಲ್ಯಾವೆಲ್ಲೆ ರಸ್ತೆಗೆ ಇಟ್ಟದ್ದು ಅವನ ಹೆಸರನ್ನೇ. ಕೆಜಿಎಫ್‌ನಿಂದ ಮುಂದೆ ನೂರಿಪ್ಪತ್ತು ವರ್ಷ ಚಿನ್ನ ಬಂತು. ಲ್ಯಾವೆಲ್ಲೆ ಮಾತ್ರ ಎರಡು ವರ್ಷದಲ್ಲೇ ಹಕ್ಕನ್ನು ಬೆಂಗಳೂರಿನ ಸೈನ್ಯಾಧಿಕಾರಿಗಳ ಒಂದು ಗುಂಪಿಗೆ ಬಿಟ್ಟುಕೊಟ್ಟ. ಬಾವಿ ತೋಡಿಸುವಷ್ಟು ದುಡ್ಡು ಅವನ ಹತ್ತಿರ ಇರಲಿಲ್ಲ.